ನಿಂತೇ ಉಣ್ಣುವ ಮನೆ

ನಲ್ಲಿ ಸಣ್ಣಗಾಯಿತು, ನೀರು ನಿಲ್ಲುತ್ತದೇನೋ, ಇನ್ನೆರಡೇ ತುತ್ತು, ಅಗಿಯುವ ಸದ್ದು ಆಚೆ ಕೇಳದಿರಲಿ ಅಂತಲೇ ಅಲ್ಲವೇ ನಲ್ಲಿ ಬಿಟ್ಟು, ಅಡುಗೆಮನೆ ಬಾಗಿಲು ಮುಚ್ಚಿ, ಗೋಡೆಗೆ ಮುಖ ಮಾಡಿ ನಿಂತುಕೊಂಡು ತಿನ್ನುವುದು — ಕ್ಯಾಂಟೀನಿನಲ್ಲಿ ಇನ್ನೂರು ಜನಕ್ಕೆ ಬೇಯಿಸಿ ಬಡಿಸುವವಳು ಮನೆಯಲ್ಲಿ ಕಳ್ಳಿಯ ಹಾಗೆ, ನನ್ನ ಗಂಡನೂ ವರ್ಕ್‌ಶಾಪಿನಲ್ಲೇ ಉಂಡು ಬಾಯಿ ಮುಕ್ಕಳಿಸಿ ಬರುತ್ತಾರೆ, ಮಗಳೆದುರು ಯಾರೂ ಬಾಯಾಡಿಸಬಾರದು, ನಾನೇ ಮಾಡಿದ ಕಾನೂನು, ಏಳು ವರ್ಷವಾಯಿತು. ಹುಟ್ಟಿದ ಮೂರನೇ ದಿನ ಕರುಳು ತಿರುಚಿಕೊಂಡು ಕಪ್ಪಾಗಿ, ಕತ್ತರಿಸಿ ತೆಗೆದು, ಉಳಿದದ್ದು ಒಂದು ಗೇಣು, ಅಂದಿನಿಂದ ಬಾಯಿಗೆ ಏನೂ ಕೊಡುವಂತಿಲ್ಲ, ದಿನಕ್ಕೆ ಹದಿನಾಲ್ಕು ಗಂಟೆ ಎದೆಯ ನಳಿಕೆಯಿಂದ ನೇರ ರಕ್ತಕ್ಕೆ ಇಳಿಯುವ ಆಹಾರದ ಆ ಬಿಳಿ ಚೀಲ, ನಾನು ಮೊಬೈಲ್ ಥರ ಅಲ್ವೇನಮ್ಮಾ, ಚಾರ್ಜಿಗೆ ಹಾಕು ಅನ್ನುತ್ತಾಳೆ, ಬೆಳಿಗ್ಗೆ ತಪಾಸಣೆಗೆ ಹೋದಾಗಲೂ ಅಂದಳು, ನರ್ಸಮ್ಮ ನಕ್ಕರು, ಡಾಕ್ಟರು ನಗಲಿಲ್ಲ, ನೋಡಮ್ಮ, ಇನ್ನೊಂದು ಸಲ ಸೋಂಕಾದರೆ ನಳಿಕೆ ತೆಗೀಬೇಕು, ಮತ್ತೆ ಹಾಕೋಕೆ ರಕ್ತನಾಳ ಉಳಿದಿಲ್ಲ, ಬೇರೆ ಕರುಳು ಕೂಡಿಸೋಕೆ ಆಗಲ್ವಾ ಸಾರ್, ಅವಳ ಲಿವರ್ ತಡೆಯಲ್ಲಮ್ಮ. ಆಮೇಲೊಂದು ಕಾಗದ ಕೊಟ್ಟರು, ಮಗುವಿನ ಬದುಕು ಹೇಗಿದೆ, ಊಟದ ಹೊತ್ತಿಗೆ ಮನೆಯವರ ಜೊತೆ ಕೂರುತ್ತದೆಯೇ, ಯಾವಾಗಲೂ, ಆಗಾಗ, ಇಲ್ಲವೇ ಇಲ್ಲ — ಇಲ್ಲವೇ ಇಲ್ಲಕ್ಕೆ ಗೀಟು ಹಾಕಿದೆ, ಹೆಮ್ಮೆಯಿಂದಲೇ ಹಾಕಿದೆ, ಅಯ್ಯೋ ಯಾಕಮ್ಮ, ಬರೀ ಮಾತಿಗಾದರೂ ಕೂರಿಸ್ಕೊಳ್ಳಿ ಅಂದರು ನರ್ಸಮ್ಮ, ಇವರಿಗೇನು ಗೊತ್ತು ಅಂದುಕೊಂಡೆ. ಮನೆಗೆ ಬಂದು ಹಣೆ ಮುಟ್ಟಿದೆ, ಬಿಸಿ, ಒಲೆ ಮುಂದೆ ಬೆಂದ ಕೈ ನನ್ನದು, ಇದನ್ನು ನಂಬೋದು ಬೇಡ ಅಂತ ಥರ್ಮಾಮೀಟರ್ ಇಟ್ಟೆ, ನೂರಾ ಎರಡು. ಅವಳಪ್ಪ ಆಟೋ ತರಲು ಓಡಿದ್ದಾರೆ, ಎರಡು ತುತ್ತು ತಿನ್ನಲೇಬೇಕು, ವಾರ್ಡಿನಲ್ಲಿ ನಾನೇ ತಲೆ ತಿರುಗಿ ಬಿದ್ದರೆ ಅವಳನ್ನು ನೋಡುವವರು ಯಾರು — ನಲ್ಲಿ ನಿಂತೇಹೋಯಿತು, ಯಾರ ಜೊತೆ ಮಾತಾಡುತ್ತಿದ್ದಾಳೆ ಈ ಜ್ವರದಲ್ಲಿ, ಬಾಗಿಲ ಸಂದಿಯಲ್ಲಿ ಕಾಣುತ್ತದೆ, ಬಟ್ಟೆ ಗೊಂಬೆಯನ್ನು ಮೂಗು ಗೋಡೆಗೆ ತಾಗುವ ಹಾಗೆ ನಿಲ್ಲಿಸಿದ್ದಾಳೆ, ಅದರ ಕಿವಿಯಲ್ಲಿ ಪಿಸುಗುಟ್ಟುತ್ತಾಳೆ, ನೀನು ನಿಧಾನವಾಗಿ ಉಣ್ಣಮ್ಮಾ, ಹೆದರ್ಕೋಬೇಡ, ಮಗು ಬರದ ಹಾಗೆ ನಾನು ನೋಡ್ಕೋತೀನಿ.

ಎಷ್ಟು ದಿನದಿಂದ, ಎಷ್ಟು ವರ್ಷದಿಂದ ನೋಡಿಕೊಳ್ಳುತ್ತಿದ್ದಾಳೆ, ನಾನು ಅವಳನ್ನು ಕಾಯುತ್ತಿದ್ದೇನೆ ಅಂದುಕೊಂಡು — ಬೇಡ, ಈಗ ಅದೆಲ್ಲ ಬೇಡ, ಎರಡು ಟವೆಲ್, ಫೈಲು, ಹಾಲುಬಿಳಿ ಚೀಲಗಳು ಐಸ್ ಡಬ್ಬಿಗೆ, ಆಮೇಲೆ, ಆಮೇಲೆ ಗೊಂಬೆ, ಮೂಗು ಗೋಡೆಗೆ — ಆಟೋ ಹಾರ್ನು, ಬಂದೇ ಅನ್ನಬೇಕು, ಬಾಯಿ ತುಂಬ ಅನ್ನ, ಒಳಗೂ ಇಳಿಯದು, ಉಗಿಯಲೂ ಆಗದು, ಆ ಗೊಂಬೆ, ಮೂಗು ಗೋಡೆಗೆ,