ಕಾರಿಲ್ಲದವಳ ಜಾಗ

ನಿದಿಯಾ ಕಾರನ್ನು ಬೀದಿಯ ನಡುವೆಯೇ ನಿಲ್ಲಿಸಿ ಇಳಿದಳು. ಕಾರಿಗೆಂದು ಹಿಮ ಬಗೆದು ಚೊಕ್ಕ ಮಾಡಿದ್ದ ಜಾಗದಲ್ಲಿ, ಇದು ಹಿಡಿದ ಜಾಗ ಎಂಬ ಗುರುತಿಗೆ, ಯಾರೋ ಅಡುಗೆಮನೆಯ ಕುರ್ಚಿಯೊಂದನ್ನು ಇಟ್ಟಿದ್ದರು. ಅದನ್ನೆತ್ತಿ ಪಕ್ಕದ ಹಿಮದ ಗುಡ್ಡೆಯ ಮೇಲೆ ಎಸೆದಳು. ಎಸೆದ ಮೇಲೆ ಸುತ್ತಲಿನ ಕಿಟಕಿಗಳತ್ತ ನೋಡಿದಳು. ಶಿಕಾಗೊದ ಈ ಬೀದಿಯಲ್ಲೇ ಬೆಳೆದವಳು ಅವಳು. ಇನ್ನೊಬ್ಬರು ಬಗೆದ ಜಾಗದ ಕುರ್ಚಿ ಸರಿಸುವುದೆಂದರೆ ಇನ್ನೊಬ್ಬರ ತಟ್ಟೆಗೆ ಕೈ ಹಾಕಿದಂತೆ. ಬಸ್ಸಿನ ಕಿಟಕಿಯಿಂದ ಟವಲ್ ಎಸೆದು ಹಿಡಿದ ಸೀಟಿಗೆ ಯಾವ ಕಾನೂನಿದೆ? ಆದರೂ ಆ ಟವಲ್ ತೆಗೆದು ಕೂತು ನೋಡಿ, ಗೊತ್ತಾಗುತ್ತದೆ. ಹಿಂದೊಮ್ಮೆ ಹೀಗೆ ಕುರ್ಚಿ ಸರಿಸಿ ಕಾರು ನಿಲ್ಲಿಸಿ ಹೋದವನೊಬ್ಬನ ಕಾರಿಗೆ ಯಾರೋ ಕೊಳವೆಯಿಂದ ನೀರು ಬಿಟ್ಟಿದ್ದರು. ರಾತ್ರಿ ಹೆಪ್ಪುಗಟ್ಟಿದ ಆ ಮಂಜುಗಡ್ಡೆಯನ್ನು ಮರುದಿನ ಅವನು ಸುತ್ತಿಗೆಯಿಂದ ಒಡೆದು ಕಾರು ತೆಗೆಯಬೇಕಾಯಿತು.

ಬೈದರೆ ಬೈಯಲಿ, ಇವತ್ತು ಕೇಳಿಸಿಕೊಂಡರಾಯಿತು ಎಂದುಕೊಂಡು ಅವಳು ಕಾರನ್ನು ಹಿಂದಕ್ಕೆ ಬಿಟ್ಟು ಆ ಜಾಗದಲ್ಲಿ ನಿಲ್ಲಿಸಿದಳು. ಇವತ್ತು ಅವಳ ತಾಯಿ ತೋಮಾಸಾಳ ಮಣ್ಣು.

ಕಾರಿನಿಂದ ಇಳಿಯುವಷ್ಟರಲ್ಲಿ ಅಂತ್ಯಕ್ರಿಯೆ ನಡೆಸುವವರ ಫೋನು ಬಂತು.

"ಮೇಡಂ, ನಿಮ್ಮ ಬೀದಿ ನೋಡ್ಕೊಂಡು ಬರೋಕೆ ನಮ್ಮ ಹುಡುಗನ್ನ ಕಳಿಸಿದ್ದೆ. ಹಿಮ ತಳ್ಳೋ ಲಾರಿ ಇನ್ನೂ ಆ ಕಡೆ ಬಂದೇ ಇಲ್ವಂತೆ. ನಮ್ಮ ಗಾಡಿ ಉದ್ದ, ಸಿಕ್ಕಾಕ್ಕೊಂಡ್ರೆ ಅಮ್ಮನವರನ್ನ ಒಳಗಿಟ್ಕೊಂಡು ನಡುಬೀದೀಲಿ ನಿಲ್ಲಬೇಕಾಗುತ್ತೆ. ಸೀದಾ ಚರ್ಚಿಗೆ ಹೋಗ್ಬಿಡೋಣ."

"ಹತ್ತು ನಿಮಿಷ ಸಾಕು ಸಾರ್. ಬಾಗಿಲ ಮುಂದೆ ಇಳಿಸಿ ಮತ್ತೆ ಹತ್ತಿಸೋದು, ಅಷ್ಟೇ."

"ಇಳಿಸೋಕೆ ಜಾಗ ಎಲ್ಲಿದೆ ಹೇಳಿ? ಎರಡೂ ಕಡೆ ಕಾರು. ಹತ್ತು ಗಂಟೆ ಒಳಗೆ ದಾರೀನೂ ಜಾಗಾನೂ ಆದ್ರೆ ಫೋನ್ ಮಾಡಿ, ಬರ್ತೀವಿ. ಆಗಲಿಲ್ಲ ಅಂದ್ರೆ ತಪ್ಪು ತಿಳ್ಕೋಬೇಡಿ."

ನಿದಿಯಾ ಬೀದಿಯ ಉದ್ದಕ್ಕೂ ನೋಡಿದಳು. ರಾತ್ರಿಯೆಲ್ಲ ಬಿದ್ದ ಹಿಮ ಮೊಣಕಾಲುದ್ದವಿತ್ತು, ನಡುವೆ ಸಣ್ಣ ಕಾರು ನುಗ್ಗುವಷ್ಟು ಚಕ್ರದ ಜಾಡು ಮಾತ್ರ. ಅಮ್ಮನಿಗೆ ಕೊಟ್ಟ ಮಾತು ಒಂದೇ ಒಂದು, ಅದೂ ನಡೆಯುವಂತಿರಲಿಲ್ಲ.

*

ಗ್ವಾಟೆಮಾಲಾದಲ್ಲಿ ತೋಮಾಸಾಳ ಊರಿನಲ್ಲಿ ಸತ್ತವರನ್ನು ಮನೆಗೆ ಹೇಳದೆ ಕರೆದೊಯ್ಯುವುದಿಲ್ಲ. ಹೊತ್ತವರು ಪೆಟ್ಟಿಗೆಯನ್ನು ಹೊಸ್ತಿಲ ಮುಂದೆ ತಂದು, ಮುಂಭಾಗವನ್ನು ಮೂರು ಸಲ ಬಗ್ಗಿಸುತ್ತಾರೆ. ಹೋಗಿ ಬರುತ್ತೇನೆ ಎಂದು ಸತ್ತವರು ಮನೆಗೆ ತಲೆಬಾಗಿದಂತೆ. ಆಸ್ಪತ್ರೆಯ ಮಂಚದಲ್ಲಿ ಅವಳು ಕೇಳಿದ್ದು ಅದನ್ನೇ.

"ಅದು ಸ್ವಂತ ಮನೆ ಇದ್ದೋರಿಗಮ್ಮ," ಎಂದಿದ್ದಳು ನಿದಿಯಾ. "ನಿಂದು ಬಾಡಿಗೆ ಮನೆ. ಬೇಕಾದ್ರೆ ನನ್ನ ಮನೆ ಮುಂದೆ ಮಾಡೋಣ. ಅಂಗಳ ಇದೆ, ಗ್ಯಾರೇಜ್ ಇದೆ, ಆರಾಮಾಗಿ ಗಾಡಿ ನಿಲ್ಲುತ್ತೆ."

"ನಿನ್ನ ಮನೆಗೆ ನಾನ್ಯಾಕೆ ಬಗ್ಗಲಿ? ಅದರ ಮೆಟ್ಟಿಲು ನಾನೇನು ಹತ್ತಿದೀನಾ?" ಎಂದು ತೋಮಾಸಾ ಮುಖ ತಿರುಗಿಸಿದಳು. ಮತ್ತೆ ಇತ್ತ ತಿರುಗಿ, "ಮಾಡ್ತೀನಿ ಅನ್ನು," ಎಂದಳು. ನಿದಿಯಾ ಹ್ಞೂಂ ಅಂದಳು.

ಹೋಟೆಲಿನ ಬಟ್ಟೆ ಒಗೆಯುವ ನೆಲಮಾಳಿಗೆಯಲ್ಲಿ ಹಾಸಿಗೆಯ ಬಟ್ಟೆ ಮಡಿಸಿ ಮಡಿಸಿಯೇ ಸವೆದ ಜೀವ ಅದು. ಈ ನಗರದಲ್ಲಿ ಬಾಡಿಗೆಗೆ ಹಿಡಿದ ಮನೆಗಳೋ, ಒಂದನ್ನು ತಿಗಣೆ ಬಿಡಿಸಿತು, ಇನ್ನೊಂದನ್ನು ಮಾಲೀಕನ ಮಗನ ಮದುವೆ ಬಿಡಿಸಿತು, ಮತ್ತೊಂದನ್ನು ಕೆಡವಿಯೇ ಹಾಕಿದರು. ಕಡೆಗೆ ಸಿಕ್ಕಿದ್ದು ಶಮಿರಾನ್ ಎಂಬ ಅಸೀರಿಯನ್ ಕ್ರೈಸ್ತ ವಿಧವೆಯ ಈ ಮೂರಂತಸ್ತಿನ ಇಟ್ಟಿಗೆ ಮನೆಯ ಮೇಲಿನ ಮಹಡಿ. ನೆಲಮಹಡಿಯಲ್ಲಿ ಶಮಿರಾನ್, ತುದಿಯಲ್ಲಿ ತೋಮಾಸಾ. ಮಕ್ಕಳು ದೊಡ್ಡವರಾಗಿ ಹೊರಟುಹೋದರೂ ಇಬ್ಬರೂ ಅಲ್ಲೇ ಉಳಿದರು.

*

ಬಾಗಿಲು ತೆರೆದ ಶಮಿರಾನ್ ಕಪ್ಪು ಬಟ್ಟೆಯಲ್ಲಿದ್ದಳು.

"ಬಾ ಮಗಳೇ, ಒಳಗೆ ಬಾ. ಬೇಗ ಬಾಗಿಲು ಹಾಕು, ಬೀದಿಗೆಲ್ಲ ಹೀಟರ್ ಕಾವು ಕೊಡೋಷ್ಟು ಶ್ರೀಮಂತಳಲ್ಲ ನಾನು." ಅಭ್ಯಾಸಬಲದಿಂದ ಅಂದುಬಿಟ್ಟವಳು ಕೂಡಲೇ ನಿದಿಯಾಳನ್ನು ಅಪ್ಪಿಕೊಂಡು ಅತ್ತಳು. "ನಿಮ್ಮಮ್ಮನಿಗೆ ಇದೇ ಮಾತು ದಿನಾ ಹೇಳ್ತಿದ್ದೆ ಕಣೇ. ಚಳಿಗಾಲ ಪೂರ್ತಿ ಜಗಳ. ಇನ್ನು ಯಾರ ಹತ್ರ ಆಡ್ಲಿ?"

ನಿದಿಯಾ ಫೋನಿನ ವಿಷಯ ಹೇಳಿದಳು. ಕುರ್ಚಿಯ ವಿಷಯವನ್ನೂ ಹೇಳಿದಳು. ಹೇಳುತ್ತಿರುವಾಗಲೇ ಯಾರೋ ಬಾಗಿಲನ್ನು ದಬದಬ ಬಡಿದರು.

ಎದುರು ಮನೆಯ ಸೆನಾದ್ ಸಲಿಕೆ ಹಿಡಿದು ನಿಂತಿದ್ದ. ಬೋಸ್ನಿಯಾದವನು, ಲಾರಿ ಓಡಿಸುತ್ತಾನೆ. ಕಾರಿನ ಜಾಗದ ವಿಷಯಕ್ಕೆ ಹೆಂಡತಿಯ ತಮ್ಮನ ಜೊತೆಗೇ ಮಾತು ಬಿಟ್ಟ ಆಸಾಮಿ. ಈಗ ಬೆಂಕಿ ಹತ್ತಿತು ಎಂದುಕೊಂಡಳು ನಿದಿಯಾ.

"ಕ್ಷಮಿಸಿ ಸೆನಾದ್ ಅಂಕಲ್, ನಿಮ್ಮ ಜಾಗ ಅಂತ ಗೊತ್ತಾಗಲಿಲ್ಲ. ಈಗಲೇ ತೆಗೀತೀನಿ."

"ನನ್ನ ಜಾಗಾನಾ?" ಸೆನಾದ್ ಶಮಿರಾನಳ ಮುಖ ನೋಡಿದ. "ಇವಳಿಗೆ ಗೊತ್ತಿಲ್ವಾ? ಅಯ್ಯೋ, ಅದು ನಿಮ್ಮಮ್ಮನ ಜಾಗ ಕಣಮ್ಮ. ಬೆಳಿಗ್ಗೆ ನಾನೇ ಬಗೆದೆ, ನೀನು ಬರ್ತೀಯ ಅಂತ. ಆ ಕುರ್ಚಿ ನಿಮ್ಮಮ್ಮಂದೇ, ಮೆಟ್ಟಿಲ ಕೆಳಗೆ ಇಟ್ಟಿರ್ತಿದ್ರು. ಅದ್ಯಾಕೆ ಗುಡ್ಡೆ ಮೇಲೆ ಎಸೆದಿದೀಯ ಅಂತ ಕೇಳೋಕೆ ಬಂದೆ."

*

ಈ ಬೀದಿಯಲ್ಲಿ ತೋಮಾಸಾಳ ಮೊದಲ ಚಳಿಗಾಲ ಅದು; ಹಿಂದಿನ ಮನೆಗಳಿದ್ದ ಬೀದಿಗಳಲ್ಲಿ ಈ ಕುರ್ಚಿಯ ಪದ್ಧತಿ ಇರಲಿಲ್ಲ. ನಿದಿಯಾಗೆ ಆಗ ಹತ್ತು ವರ್ಷ. ಮನೆಯಲ್ಲಿ ಎರಡು ಚಾಪೆಯಂಥ ಹಾಸಿಗೆ ಬಿಟ್ಟರೆ ಏನೂ ಇರಲಿಲ್ಲ. ಹಿಮ ನಿಂತ ಬೆಳಿಗ್ಗೆ ತಾಯಿ ಮಗಳು ಕೆಳಗಿಳಿದು ನೋಡಿದರೆ, ಬೀದಿಯ ತುಂಬ ಕುರ್ಚಿಗಳು! ಕಬ್ಬಿಣದ್ದು, ಮರದ್ದು, ತೋಳಿರುವುದು, ತೋಳಿಲ್ಲದ್ದು.

"ಎಂಥ ಧಾರಾಳದ ಜನ ನೋಡೇ! ಬೇಡವಾದ್ದನ್ನ ಬಡವರಿಗೆ ಅಂತ ಹೊರಗೆ ಇಟ್ಟಿದಾರೆ," ಎಂದಳು ತೋಮಾಸಾ. ನಾಲ್ಕು ಒಳ್ಳೆಯ ಕುರ್ಚಿಗಳನ್ನು ಆರಿಸಿ ಇಬ್ಬರೂ ಮೂರನೆಯ ಮಹಡಿಗೆ ಹೊತ್ತರು.

ಸಂಜೆ ಬಾಗಿಲ ಮುಂದೆ ಜಾತ್ರೆಯೋ ಜಾತ್ರೆ. ಎಲ್ಲರಿಗಿಂತ ಮುಂದೆ ಸೆನಾದ್, ಆಗಿನ್ನೂ ಮೀಸೆ ಕಪ್ಪಗಿದ್ದವನು. ಒಬ್ಬರ ಭಾಷೆ ಒಬ್ಬರಿಗೆ ಬಾರದು. ಶಾಲೆಯಲ್ಲಿ ಕಲಿತ ಇಂಗ್ಲಿಷಿನಲ್ಲಿ ನಿದಿಯಾಳೇ ನಡುವೆ ನಿಂತು ಮಾತು ದಾಟಿಸಿದಳು.

"ಅದು ನನ್ನ ಕುರ್ಚಿ ಅಂತ ಹೇಳು ನಿಮ್ಮಮ್ಮನಿಗೆ!"

"ಅಮ್ಮ, ಅದು ಅವರ ಕುರ್ಚಿಯಂತೆ."

"ಹೌದಾ? ತುಂಬ ಚೆನ್ನಾಗಿದೆ ಅನ್ನು. ಕೂತ್ಕೊಳ್ಳೋಕೆ ಹೇಳು, ಕಾಫಿ ಇಡ್ತೀನಿ."

ಕಿತ್ತುಕೊಳ್ಳಲು ಬಂದವರು ತಮ್ಮ ತಮ್ಮ ಕುರ್ಚಿಗಳಲ್ಲೇ ಕೂತು ಅವಳ ಕಾಫಿ ಕುಡಿದರು. ಅವು ಕಾರಿನ ಜಾಗ ಕಾಯುವ ಕುರ್ಚಿಗಳೆಂದು ತಿಳಿದಾಗ ತೋಮಾಸಾ ನಾಚಿ ನೀರಾದಳು. ಮಾರನೆಯ ದಿನ ಸಲಿಕೆ ಕೊಂಡು ತಂದು, ಮನೆಯ ಮುಂದೆ ತಾನೂ ಒಂದು ಜಾಗ ಬಗೆದಳು. ಬೀದಿ ನಕ್ಕಿತು. ಕಾರೇ ಇಲ್ಲ, ಕಾರಿಗೆ ಜಾಗ. ಕೂಸು ಹುಟ್ಟುವ ಮುಂಚೆ ಕುಲಾವಿ!

*

"ಆಮೇಲೂ ಬಿಡಲಿಲ್ಲ ನಿಮ್ಮಮ್ಮ," ಎಂದ ಸೆನಾದ್. "ನೀನು ಮದುವೆಯಾಗಿ ಊರಾಚೆ ಹೋದ್ಮೇಲೆ, ಹಿಮ ಬಿದ್ದಾಗೆಲ್ಲ ಬಗೆಯೋದು. ಕೇಳಿದ್ರೆ, ಭಾನುವಾರ ಮಗಳು ಬರ್ತಾಳೆ ಅನ್ನೋರು."

ನಿದಿಯಾ ಕಿಟಕಿಯಾಚೆ ಆ ಜಾಗದತ್ತ ನೋಡಿದಳು. ಅಲ್ಲಿ ಕಾರು ನಿಲ್ಲಿಸೋಕೆ ಜಾಗವೇ ಸಿಗಲ್ಲಮ್ಮ ಎಂದು ಎಷ್ಟು ಭಾನುವಾರ ಹೇಳಿದ್ದಳು ಫೋನಿನಲ್ಲಿ! ಜಾಗ ಮಾಡಿದೀನಿ ಬಾರೇ ಎನ್ನುತ್ತಿದ್ದಳು ಅಮ್ಮ. ಕಾರಿನ ತಲೆಬುಡ ಗೊತ್ತಿಲ್ಲದವಳು ಏನೋ ಸಮಾಧಾನಕ್ಕೆ ಅನ್ನುತ್ತಾಳೆ ಎಂದುಕೊಂಡಿದ್ದಳು ಮಗಳು.

"ನೀನು ಬರಲ್ಲ ಅಂತ ಫೋನ್ ಮಾಡಿದ ಮೇಲೆ ಕೆಳಗೆ ಬಂದು ನಿಲ್ಲೋಳು," ಎಂದಳು ಶಮಿರಾನ್. "ಯಾರು ಜಾಗ ಹುಡುಕ್ಕೊಂಡು ಸುತ್ತುತಾ ಇದ್ರೂ ಕೈ ಬೀಸಿ ಕರೆದು ಕೊಟ್ಬಿಡೋಳು. ಬಾಣಂತೀನ ಕರ್ಕೊಂಡು ಬಂದೋರು, ರೋಗಿ ನೋಡೋಕೆ ಬಂದ ನರ್ಸು, ರಾತ್ರಿಪಾಳಿ ಮುಗಿಸಿ ಬಂದೋರು. ಈ ಬೀದೀಲಿ ಆ ಜಾಗದಲ್ಲಿ ನಿಲ್ಲದ ಕಾರೇ ಇಲ್ಲ."

ಸೆನಾದ್ ಗಡಿಯಾರ ನೋಡಿದ. ಕೈ ಚಾಚಿದ. "ನಿನ್ನ ಕಾರಿನ ಕೀ ಕೊಡು."

ಕೊಟ್ಟಳು. ಅವನು ಹೊರಟುಹೋದ.

ನಿದಿಯಾ ಮೇಲೆ ಹೋಗಿ ಅಮ್ಮನ ಕಿಟಕಿಯಲ್ಲಿ ನಿಂತಳು. ಸೆನಾದ್ ಒಂದೊಂದೇ ಬಾಗಿಲು ಬಡಿಯುತ್ತ ಹೋಗುತ್ತಿದ್ದ. ಸಲಿಕೆ ಹಿಡಿದ ಹತ್ತಾರು ಜನ ಬೀದಿಯ ನಡುವೆ ಇಳಿದರು, ಬಗೆದರು, ಹಿಮವನ್ನು ಅಂಗಳಗಳಿಗೆ ಎತ್ತಿ ಎಸೆದರು. ಆಮೇಲೆ ಒಂದು ಕಾರು ಹೊರಟಿತು. ಅದರ ಹಿಂದೆ ಇನ್ನೊಂದು. ನೋಡನೋಡುತ್ತ ಎರಡೂ ಬದಿಯ ಕಾರುಗಳು ಸಾಲಾಗಿ ತಿರುವು ದಾಟಿ ಕಣ್ಮರೆಯಾದವು. ನಿದಿಯಾಳ ಕಾರೂ ಹೋಯಿತು, ಸೆನಾದನ ಕೆಂಪು ಗಾಡಿಯೂ ಹೋಯಿತು.

ದಾರಿ ಮಾಡಿಕೊಟ್ಟು ಕೆಲಸಕ್ಕೆ ಹೋದರು ಎಂದುಕೊಂಡಳು. ಅದೇ ದೊಡ್ಡದು. ಬಾಡಿಗೆಯವರ ಬೀದಿ ಇದು, ಇವತ್ತು ಇದ್ದವರು ನಾಳೆ ಇಲ್ಲ. ಒಬ್ಬಳು ಮುದುಕಿಗಾಗಿ ಯಾರು ಸಂಬಳ ಕಳೆದುಕೊಂಡು ನಿಲ್ಲುತ್ತಾರೆ? ಫೋನ್ ಮಾಡಿ, "ಬನ್ನಿ," ಎಂದಳು.

ಫೋನಿಟ್ಟು ನೋಡಿದರೆ, ತಿರುವಿನಿಂದ ಅವರು ನಡೆದು ಬರುತ್ತಿದ್ದರು. ಕಾರುಗಳನ್ನು ಎಲ್ಲೋ ದೂರದ ದೊಡ್ಡ ರಸ್ತೆಯಲ್ಲಿ ಬಿಟ್ಟು, ಕಾಲುನಡಿಗೆಯಲ್ಲಿ. ಕೊರಿಯಾದ ದರ್ಜಿ ಗಂಡಹೆಂಡತಿ, ಟ್ಯಾಕ್ಸಿ ಓಡಿಸುವ ಸೊಮಾಲಿಯಾದವನು, ಮೂಲೆಮನೆಯ ಪೋಲೆಂಡಿನ ಅಣ್ಣತಮ್ಮಂದಿರು, ಹೆಸರು ಗೊತ್ತಿಲ್ಲದ ಎಷ್ಟೋ ಮಂದಿ. ಚಳಿಗಾಲದಲ್ಲಿ ಬೆನ್ನು ಮುರಿದು ಬಗೆದ ಜಾಗವನ್ನು ಈ ಬೀದಿಯಲ್ಲಿ ಒಡಹುಟ್ಟಿದವರಿಗೂ ಬಿಡುವುದಿಲ್ಲ. ಬಿಟ್ಟರೆ ಸಂಜೆಗೆ ಅದು ಯಾರ ಪಾಲಾಗುತ್ತದೋ ದೇವರಿಗೇ ಗೊತ್ತು. ಎಲ್ಲರೂ ಬಿಟ್ಟಿದ್ದರು. ಇಡೀ ಬೀದಿ ಬರಿದಾಗಿ ಬಿದ್ದಿತ್ತು. ಅಮ್ಮ, ನೀನು ಯಾರೇ, ಎಂದು ನಿದಿಯಾ ಗಟ್ಟಿಯಾಗಿಯೇ ಕೇಳಿದಳು.

ಕಪ್ಪು ಗಾಡಿ ಮೆಲ್ಲಗೆ ಬಂದು ತೋಮಾಸಾಳ ಜಾಗದಲ್ಲಿ ನಿಂತಿತು. ಮುಂದೆ ನಿದಿಯಾ ಮತ್ತು ಸೆನಾದ್, ಹಿಂದೆ ನಾಲ್ವರು, ಪೆಟ್ಟಿಗೆ ಎತ್ತಿ ಮೆಟ್ಟಿಲ ಬುಡಕ್ಕೆ ತಂದರು. ಶಮಿರಾನ್ ಬೀದಿ ಬಾಗಿಲನ್ನು ಹಾರುಹೊಡೆದು ತೆರೆದಳು. ಒಳಬಾಗಿಲನ್ನೂ ತೆರೆದಳು. ಮನೆಯ ಕಾವೆಲ್ಲ ಹೊರಗೆ ಹರಿದು ಹೊತ್ತವರ ಮುಖಕ್ಕೆ ಬಡಿಯಿತು.

"ಹೇಗೆ ಬಗ್ಗಿಸಬೇಕು?" ಎಂದು ಸೆನಾದ್ ಪಿಸುಗುಟ್ಟಿದ.

"ಮುಂದಿನ ಭಾಗ ಮಾತ್ರ ಅಂಕಲ್. ಮೆಲ್ಲಗೆ. ಮೂರು ಸಲ."

ಬಗ್ಗಿಸಿದರು. ಮೂರನೆಯ ಸಲ ಸೆನಾದ್ ತಾನೂ ತಲೆಬಾಗಿಸಿದ.

"ಹೋಗಿ ಬಾರೇ ತೋಮಾಸಾ," ಎಂದಳು ಶಮಿರಾನ್ ಮೆಟ್ಟಿಲ ಮೇಲಿಂದ.

ಪೆಟ್ಟಿಗೆ ಹತ್ತಿಸಿಕೊಂಡು ಗಾಡಿ ಹೊರಟಿತು. ನಿದಿಯಾ ಅದರ ಹಿಂದೆ ನಡೆದಳು. ಜನ ಬೀದಿಯ ಎರಡೂ ಬದಿಗೆ ಸರಿದು, ಯಾರೂ ಹೇಳದೆ, ತಾವು ತಾವು ಬಗೆದ ಜಾಗಗಳಿಗೆ ಹೋಗಿ ಟೋಪಿ ತೆಗೆದು ನಿಂತರು. ಒಂದೊಂದು ಜಾಗದಲ್ಲಿ ಒಂದೊಂದು ಮನೆಯವರು. ತಿರುವಿನಲ್ಲಿ ನಿದಿಯಾ ಹಿಂತಿರುಗಿ ನೋಡಿದಳು. ಗಾಡಿ ಬಿಟ್ಟುಹೋದ ಅಮ್ಮನ ಜಾಗ ಒಂದೇ ಖಾಲಿ ಇತ್ತು. ಬಾಗಿಲನ್ನು ಹಾಗೆಯೇ ತೆರೆದು ಬಿಟ್ಟು, ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದು ಬಂದ ಶಮಿರಾನ್ ಆ ಜಾಗದ ನಡುವೆ, ಕುರ್ಚಿ ಇಡುವಲ್ಲೇ, ನಿಂತು ಎರಡೂ ಕೈ ಕಟ್ಟಿಕೊಂಡಳು.