ಹನ್ನೆರಡು ಔನ್ಸ್ ಹಗ್ಗ

೧.
ಈ ಕಥೆಯನ್ನು ಮರದ ಮೇಲಿಂದ ಶುರುಮಾಡಲೇ, ಅಡುಗೆಮನೆಯಿಂದಲೇ? ಮರದ ಮೇಲಿಂದ ಮೂರು ಸಲ ಬರೆದು ಹರಿದುಹಾಕಿದೆ. ನಾಯಕ ಇಪ್ಪತ್ತು ಅಡಿ ಮೇಲೆ ಸುಮ್ಮನೆ ನೇತಾಡುತ್ತಾನೆ. ಜಿಂಕೆ ಬರುವುದಿಲ್ಲ, ಓದುಗರೂ ನಿಲ್ಲುವುದಿಲ್ಲ. ಹಾಗಾಗಿ ಅಡುಗೆಮನೆ.

೨.
ವಿಸ್ಕಾನ್ಸಿನ್, ಅಕ್ಟೋಬರ್ ಕೊನೆಯ ಶನಿವಾರ, ಮಧ್ಯಾಹ್ನ. ನನ್ನ ಪಕ್ಕದ ಮನೆಯ ವೆಂಡೆಲ್, ಐವತ್ತೆಂಟು ವರ್ಷದವನು, ತನ್ನ ಹನ್ನೊಂದನೆಯ ಬೆನ್ನುಚೀಲವನ್ನು ತಕ್ಕಡಿಯ ಮೇಲಿಟ್ಟಿದ್ದಾನೆ. ಅವನಿಗೆ ಸ್ಯಾಡಲ್ ಬೇಟೆಯ ಹುಚ್ಚು; ಅಂದರೆ ಸೊಂಟದ ಪಟ್ಟಿಯನ್ನು ಹಗ್ಗದಿಂದ ಮರಕ್ಕೆ ಬಿಗಿದು, ಬಿಲ್ಲು ಹಿಡಿದು ತೂಗಾಡುತ್ತ ಕಾಯುವುದು. ಮರಕ್ಕೆ ಕಟ್ಟಿ ಹತ್ತುವ ಮೆಟ್ಟಿಲಿನ ತುಂಡುಗಳೂ ಸೇರಿ ಎಲ್ಲವನ್ನೂ ಹೊತ್ತೇ ಹೋಗಬೇಕು. ಅದಕ್ಕೇ ತೂಕ ಇಳಿಸುವ ಈ ರೋಗ. ಚೀಲದ ಲೇಬಲ್ ಕತ್ತರಿಸಿದ್ದಾನೆ, ಪಟ್ಟಿಗಳ ತುದಿ ಕತ್ತರಿಸಿದ್ದಾನೆ, ಟಾಯ್ಲೆಟ್ ಪೇಪರಿನ ನಡುವಿನ ರಟ್ಟನ್ನೂ ಕಿತ್ತಿದ್ದಾನೆ. (ಹೊಟ್ಟೆ ನಲವತ್ತು ಪೌಂಡ್ ಜಾಸ್ತಿಯಿದೆ. ಅದರ ಸುದ್ದಿಗೆ ಯಾರೂ ಹೋಗುವಂತಿಲ್ಲ.)

೩.
ಚೀಲದ ಸದ್ದು ಜಿಂಕೆಗೆ ಕೇಳುತ್ತದೆಯೇ ಎಂದು ನೋಡಲು ಅವನ ಹೆಂಡತಿ ಕೊರಿನ್ ಆಚೆ ಕೋಣೆಯ ಸೋಫಾದಲ್ಲಿ ಜಿಂಕೆಯಾಗಿ ಕೂತಿದ್ದಾಳೆ. ಅವನು ಚೀಲದ ಜಿಪ್ ಮೆಲ್ಲಗೆ ಎಳೆದ.

"ಕೇಳಿಸ್ತಾ?"

"ಕೇಳಿಸ್ತು. ಓಡಿಹೋದೆ. ಪಕ್ಕದ ಜಿಲ್ಲೇಲಿದೀನಿ ಈಗ."

೪.
ಆಮೇಲೆ ಅವನು, ಆಪತ್ತಿನಲ್ಲಿ ಮರದಿಂದ ಇಳಿಯುವ ಹಗ್ಗವನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟ. ಜಿಂಕೆ ಎದ್ದು ಬಂತು.

"ಅದನ್ನ ಒಳಗಿಡು."

"ಹನ್ನೆರಡು ಔನ್ಸ್ ಕಣೇ, ಮುಕ್ಕಾಲು ಪೌಂಡ್!"

"ಹೋದ್ವರ್ಷ ಮೆಟ್ಲು ಜಾರಿದಾಗ ನಿನ್ನ ಕೆಳಗಿಳಿಸಿದ್ದು ಇದೇ. ಬೇಕಾದ್ರೆ ಆ ಸಾಸೇಜ್ ತೆಗಿ."

"ಸಾಸೇಜ್ ತೂಕ ಅಲ್ಲ, ಊಟ."

(ನಾನು ಕರ್ತೃ. ಒಂದು ವಾಕ್ಯ ಬರೆದರೆ ಹಗ್ಗ ಚೀಲದೊಳಗೆ. ಬರೆದೆ. ವೆಂಡೆಲ್ ನನ್ನ ಕಡೆ ತಿರುಗಿದ.)

"ಏನಯ್ಯಾ, ಯಾವತ್ತಾದ್ರೂ ಮರ ಹತ್ತಿದೀಯಾ? ಕುರ್ಚೀಲಿ ಕೂತ್ಕೊಂಡು ನನ್ ಚೀಲಕ್ಕೆ ಕೈ ಹಾಕ್ಬೇಡ."

ವಾಕ್ಯವನ್ನು ಹೊಡೆದುಹಾಕಿದೆ. ಪಾತ್ರದ ಸ್ವಾತಂತ್ರ್ಯ ದೊಡ್ಡದು ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಹಗ್ಗ ಒಳಗಿದ್ದರೆ ಕಥೆಯೇ ಹುಟ್ಟುವುದಿಲ್ಲ ಅನ್ನುವ ದುರಾಸೆ. ಅವನು ಹಗ್ಗ ಬಿಟ್ಟು ಹೋದ.

೫.
ಅಂತ್ಯ ಒಂದು: ಭಾರೀ ಕೊಂಬಿನ ಜಿಂಕೆ, ಒಂದೇ ಬಾಣ, ಊರೆಲ್ಲ ಫೋಟೊ. (ವೆಂಡೆಲ್ ಹೇಳಿ ಬರೆಸಿದ್ದು.)

ಅಂತ್ಯ ಎರಡು: ಮೆಟ್ಟಿಲು ಮತ್ತೆ ಜಾರುತ್ತದೆ. ಇಳಿಯಲು ಹಗ್ಗವಿಲ್ಲ; ನೇತಾಡುತ್ತ ಸೊಂಟದ ಪಟ್ಟಿ ಒತ್ತಿ ಕಾಲು ಜೋಮು ಹಿಡಿಯುತ್ತದೆ. ಮರವಿರುವ ತಗ್ಗಿನಲ್ಲಿ ಫೋನಿಗೆ ಸಿಗ್ನಲ್ಲೂ ಸಿಗುವುದಿಲ್ಲ.

ಅಂತ್ಯ ಮೂರು: ಬರೆಯುವುದಿಲ್ಲ. ಓದುಗರೇ ಊಹಿಸಿಕೊಳ್ಳಲಿ. ವಿಮರ್ಶಕರಿಗೆ ಖುಷಿಯಾಗುತ್ತದೆ.

ಮೂರನೆಯದನ್ನೇ ಆರಿಸಿ ಕಾಫಿಗೆ ಎದ್ದೆ.

೬.
ಏಳು ಗಂಟೆ. ಆರೂವರೆಗೆ ಬರುತ್ತೇನೆಂದವನು ಬಂದಿಲ್ಲ. ಕೊರಿನ್ ನೇರವಾಗಿ ನನ್ನ ಮೇಜಿನ ಹತ್ತಿರ ಬಂದಳು.

"ಏನ್ರೀ ಕಥೆಗಾರ್ರೇ, ಒಂದಾ, ಎರಡಾ?"

"ಅದು ತೆರೆದ ಅಂತ್ಯ ಕಣ್ರೀ. ಓದುಗರಿಗೆ ಬಿಟ್ಟಿದ್ದು."

"ಓದುಗರು ಉಂಡು ಮಲಗ್ತಾರೆ. ನಂಗೆ ಆ ಮನುಷ್ಯ ಬೇಕು. ಮೂವತ್ತೊಂದು ವರ್ಷದಿಂದ ಬೈತಿದೀನಿ, ಬೈಯೋದಿನ್ನೂ ಬೇಕಾದಷ್ಟಿದೆ."

ನನಗೆ ನಿಜಕ್ಕೂ ನಾಚಿಕೆಯಾಯಿತು.

ಅವಳು ಗ್ಯಾರೇಜಿನಿಂದ ಏಣಿ ಎಳೆದು ತಂದಳು. ಒಂದು ತುದಿ ಟ್ರಕ್ಕಿಗೇರಿತು, ಇನ್ನೊಂದು ನೆಲದ ಮೇಲೇ ಉಳಿಯಿತು.

"ಯಾವ ಮರ ಅಂತ ನಿಮಗೆ ಗೊತ್ತು, ಬರೆದೋರು ನೀವೇ. ಪೆನ್ನಿಟ್ಟು ಆ ತುದಿ ಹಿಡೀರಿ."

ಏಣಿ ಭಾರವಿದೆ, ಎರಡೂ ಕೈ ಬೇಕು. ಇನ್ನು ಬರೆಯಲಾಗುವುದಿಲ್ಲ.