ದುರುಗಪ್ಪನ ಎಡೆಯ ಬೀಡಿ

ಬಾಗಲವಾಡದ ಸಮಸ್ತ ಜೀವಂತ ಹಾಗೂ ದಿವಂಗತ ಮಹಾಜನರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಕುರಿ ಅಯ್ಯಪ್ಪನ ಮನೆಯ ಹಿರಿಯರ ಹಬ್ಬದಲ್ಲಿ ಒಂಬತ್ತು ವರ್ಷಗಳಿಂದ ಅವನ ತಂದೆ ದಿ. ದುರುಗಪ್ಪನವರ ಎಡೆಗೆ ಇಡುತ್ತ ಬಂದಿದ್ದ ಬೀಡಿ ಕಟ್ಟನ್ನು ಈ ಅಮಾವಾಸ್ಯೆಯಿಂದ ರದ್ದುಪಡಿಸಲಾಗಿದೆ. ಆಕ್ಷೇಪಣೆಗಳಿದ್ದಲ್ಲಿ ಸತ್ತವರು ಖುದ್ದಾಗಿ ಹಾಜರಾಗಿ ಸಲ್ಲಿಸತಕ್ಕದ್ದು.

ಹೀಗಂತ ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದು, ಅನ್ನದ ಅಗುಳಿನಿಂದ ದೇವರ ಕೋಣೆಯ ಬಾಗಿಲಿಗೆ ಮೆತ್ತಿದ್ದವಳು ಅಯ್ಯಪ್ಪನ ಮಗಳು ಪ್ರಿಯದರ್ಶಿನಿ. ಯರಗೇರಾದ ವಿಶ್ವವಿದ್ಯಾಲಯದಲ್ಲಿ ಓದುವ ಹುಡುಗಿ. ಕಲಿತದ್ದನ್ನೆಲ್ಲ ಅಪ್ಪನ ಮೇಲೆಯೇ ಪ್ರಯೋಗಿಸುತ್ತಿದ್ದಳು.

ಕಾರಣವಿತ್ತು. ಹದಿನೈದು ದಿನದ ಹಿಂದೆ ರಾಯಚೂರಿನ ಡಾಕ್ಟರು ಅಯ್ಯಪ್ಪನ ಎದೆಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಇದು ಎದಿನೋ, ಒಲಿಗೂಡೋ?" ಎಂದಿದ್ದರು. ಈಗಲೇ ಬಿಟ್ಟರೆ ಎದೆ ಸುಧಾರಿಸುತ್ತದೆ, ಬಿಡದಿದ್ದರೆ ಮುಂದಿನ ವರ್ಷ ಎಡೆ ಇಡುವವನಲ್ಲ, ಎಡೆ ಉಣ್ಣುವವನಾಗುತ್ತೀ ಎಂದೂ ಹೇಳಿದ್ದರು. ಅಯ್ಯಪ್ಪ ಅಲ್ಲೇ ಮಗಳ ತಲೆ ಮುಟ್ಟಿ ಬೀಡಿ ಬಿಟ್ಟಿದ್ದ. ಆದರೆ ಮನಸ್ಸಿನ ಮೂಲೆಯಲ್ಲಿ ಒಂದು ಕಿಂಡಿ ಇಟ್ಟುಕೊಂಡಿದ್ದ. ಎಡೆಗೆ ಇಟ್ಟದ್ದು ಬೀಡಿಯಲ್ಲ, ಪ್ರಸಾದ. ಪ್ರಸಾದವನ್ನು ಬೇಡ ಅನ್ನಲಾದೀತೇ?

ಅವರ ಮನೆಯ ಪದ್ಧತಿ ಹಾಗೇ ಇತ್ತು. ಮಹಾನವಮಿಗೆ ಮುಂಚಿನ ಮಾನಾಮಿ ಅಮಾವಾಸ್ಯೆಯ ಮಧ್ಯಾಹ್ನ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಡೆಗೆ ಇಟ್ಟು, ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಕೂರಬೇಕು. ಹಿರಿಯರು ಬಂದು ಉಂಡು ಹೋಗುತ್ತಾರೆ. ಉಳಿದದ್ದು ಮನೆಯವರ ಪಾಲು. ಹೋಳಿಗೆ ಮನೆಮಂದಿಗೆಲ್ಲ, ಬೀಡಿ ಕಟ್ಟು ಮಾತ್ರ ಅಯ್ಯಪ್ಪನಿಗೆ.

ಈಗ ಆ ಕಿಂಡಿಗೂ ಮಗಳು ಅನ್ನ ಮೆತ್ತಿಬಿಟ್ಟಿದ್ದಳು. ಅಯ್ಯಪ್ಪ ಪ್ರಕಟಣೆಯನ್ನು ಮೂರು ಸಲ ಓದಿದ. ಮೂರನೆಯ ಸಲಕ್ಕೆ ಕೊನೆಯ ಸಾಲು ಅವನನ್ನು ನೋಡಿ ಕಣ್ಣು ಹೊಡೆಯಿತು. ಖುದ್ದಾಗಿ ಹಾಜರಾಗಿ! ಅವನು ನೇರವಾಗಿ ಗೆಳೆಯ ಪಂಪಾಪತಿಯ ಮನೆಗೆ ನಡೆದ.

ಪಂಪಾಪತಿ ಬಯಲಾಟದಲ್ಲಿ ಮೂವತ್ತು ವರ್ಷ ರಾಜನ ಪಾರ್ಟು ಮಾಡಿದವನು.

"ನಮ್ಮಪ್ಪ ನಿನ್ನ ಮೈಯಾಗ ಬರಬೇಕಲೇ. ಬಂದು ಬೀಡಿ ಕೇಳಬೇಕು. ಅಷ್ಟ."

"ಬರ್ತಾನ ಬಿಡು. ಮಟನ್ ಸಾರು ಮಾಡೀರಿಲ್ಲ?"

"ಮಾಡೀವಿ."

"ಹಂಗಾರ ಒಂದಲ್ಲ, ನಿಮ್ಮ ವಂಶದಾಗಿನ ಎಷ್ಟ ಮಂದಿ ಬೇಕು ಹೇಳು."

ಹಬ್ಬದ ಮಧ್ಯಾಹ್ನ ಎಡೆ ಸಿದ್ಧವಾಯಿತು. ಹೊಸ ಧೋತರ, ಹಳೆಯ ಕಂಬಳಿ, ರೊಟ್ಟಿ, ಹೋಳಿಗೆ, ಮಟನ್ ಸಾರು. ಅಯ್ಯಪ್ಪನ ಹೆಂಡತಿ ರಾಧಾ ಕೊನೆಯ ಹೋಳಿಗೆಗೆ ತುಪ್ಪ ಸವರುತ್ತಿದ್ದಳು. ದುರುಗಪ್ಪನ ಹೆಂಡತಿ, ಮುದುಕಿ ಯಮನಮ್ಮ, ಕಂಬಕ್ಕೆ ಒರಗಿ ಕೂತಿದ್ದಳು. ಪಂಪಾಪತಿ ಒಳಗೆ ಬಂದವನೇ ಗಡಗಡ ನಡುಗಿ ಹೂಂಕರಿಸಿದ.

"ಎಲೈ ಕಂದಾ ಅಯ್ಯಪ್ಪಾ! ನಿನ್ನ ಜನಕನಾದ ದುರುಗಪ್ಪನು ಬಂದಿರುವೆನು!"

ಬದುಕಿದ್ದಾಗ ದುರುಗಪ್ಪ ಕುರಿಗಳಿಗೆ "ಹುರ್ಯಾ" ಅಂದದ್ದೇ ಅತಿ ದೊಡ್ಡ ಭಾಷಣ.

"ಯಜ್ಜಾ, ಸತ್ತ ಮ್ಯಾಲ ಸಾಲಿಗೆ ಹೋಗಾಕತ್ತೀ ಏನು?" ಎಂದಳು ಪ್ರಿಯದರ್ಶಿನಿ.

"ಬಾಯಿ ಮುಚ್ಚು ಬಾಲೆಯೇ! ಬೀಡಿಯಿಲ್ಲದ ಎಡೆಯನ್ನು ನಾನು ಮುಟ್ಟಲಾರೆನು!"

ಅಯ್ಯಪ್ಪನ ಅಂಗಿಯ ಕಿಸೆಯಿಂದ ಬೀಡಿ ಕಟ್ಟು ಹೊರಬಂತು. ಭಕ್ತಿಯಲ್ಲಿ ಅಷ್ಟು ತಯಾರಿ ಅವನಿಗೆ ಎಂದೂ ಇರಲಿಲ್ಲ.

"ನೀನs ಬರ್ದೀದಿ ನೋಡವ್ವ. ಖುದ್ದ ಹಾಜರಾಗಿ ಕೇಳ್ಯಾರ. ನಾ ಏನ್ಮಾಡ್ಲಿ?"

ಪ್ರಿಯದರ್ಶಿನಿ ಬಾಗಿಲಿನ ಹಾಳೆ ನೋಡಿದಳು, ಅಪ್ಪನನ್ನು ನೋಡಿದಳು. ಮಾತು ಸಣ್ಣದಾಯಿತು. "ನನ್ನ ತಲಿ ಮುಟ್ಟಿದ್ದಿ ಯಪ್ಪಾ."

ಅಯ್ಯಪ್ಪ ಕೆಮ್ಮಿದ. ಉತ್ತರ ಕೊಡಲಾಗದ್ದಕ್ಕೆ ಕೆಮ್ಮಿದನೋ, ಕೆಮ್ಮಿದ್ದರಿಂದ ಉತ್ತರ ಬರಲಿಲ್ಲವೋ, ಕೆಮ್ಮು ಮಾತ್ರ ಕಮ್ಮಿಯಾಗಲಿಲ್ಲ.

ಆಗ ಯಮನಮ್ಮ ಎದ್ದಳು. ಹೆಸರಿನಲ್ಲೇ ಯಮನನ್ನು ಇಟ್ಟುಕೊಂಡು ಎಪ್ಪತ್ತೆರಡು ವರ್ಷ ಬಾಳಿದವಳು ದೆವ್ವಕ್ಕೆ ಹೆದರುತ್ತಾಳೆಯೇ?

"ಬರ್ರಿ, ಕುಂದರ್ರಿ. ಒಂದ ಮಾತು ಕೇಳ್ತೀನಿ. ಗೂಗಲ್‌ಗೆ ನಾವಿಬ್ಬರs ಹೋಗಿದ್ವಲ್ರಿ, ಆ ಹೊಳಿದಂಡಿ ಊರಿನ ಗುಡ್ಯಾಗ ಅಲ್ಲಮಪ್ರಭು ಮುಂದ ಏನು ಮಾಡಿದ್ರಿ?"

ಪಂಪಾಪತಿ ಅಯ್ಯಪ್ಪನ ಕಡೆ ನೋಡಿದ. ಅಯ್ಯಪ್ಪನಿಗೂ ಗೊತ್ತಿರಲಿಲ್ಲ.

"ಕಾ... ಕಾಯಿ ಒಡೆದೆನು!"

"ಮತ್ತ?"

"ಕೈ ಮುಗಿದೆನು!"

"ಬೀಡಿ ಬಿಟ್ರಿ," ಎಂದಳು ಯಮನಮ್ಮ. "ದೇವರ ಹೆಸರಲೆ ಬಿಟ್ಟು, ಇದ್ದ ಕಟ್ಟು ಕೃಷ್ಣಾ ಹೊಳಿಗೆ ಒಗದ್ರಿ."

ಅಯ್ಯಪ್ಪ ತಾಯಿಯ ಕಡೆ ತಿರುಗಿದ. "ಯಾವಾಗ ಬೇ?"

"ನೀ ಕುರಿ ಹೊಡ್ಕೊಂಡು ದೂರದ ಸೀಮಿಗೆ ಹೋಗಿದ್ದಿ. ಆರು ತಿಂಗಳು ಕೆಮ್ಮಿಲ್ಲದ ಮಲಗಿದ್ರು. ಎದಿ ಹಗುರಾತು ಅಂತಿದ್ರು. ಅವರು ಹೋಗಿದ್ದು ಹಾವು ಮುಟ್ಟಿ, ಬೀಡಿಯಿಂದ ಅಲ್ಲ. ನೀ ಬರೂದ್ರಾಗ ಮಣ್ಣಾಗಿತ್ತು."

"ನನಗ್ಯಾಕ ಹೇಳಲಿಲ್ಲ?"

"ಮದಲ್ನೆ ವರ್ಷ ಅಳಕೋತ ಬೀಡಿ ತಂದಿಟ್ಟಿ. ಮಣ್ಣಿಗೂ ಸಿಗಲಿಲ್ಲ ಅಂತ ಅಳಾಂವಗ ಇದೊಂದು ಏನು ಹೇಳೂದು ಅಂತ ಸುಮ್ನಾದೆ. ನಿನ್ನ ಎದಿ ಸುಡಾಕತ್ತದ ಅಂತ ನನಗೇನು ಗೊತ್ತು?" ಮುದುಕಿ ಸೆರಗಿನಿಂದ ಕಣ್ಣೊರೆಸಿ ಪಂಪಾಪತಿಯ ಕಡೆ ತಿರುಗಿದಳು. "ದೇವರ ಹೆಸರಲೆ ಬಿಟ್ಟದ್ದು ಎಡಿಗೆ ಇಡಂಗಿಲ್ಲ, ಬಿಟ್ಟಾಂವ ಸತ್ರೂ ಕೇಳಂಗಿಲ್ಲ. ಕೇಳಾಕತ್ತೀದಿ ಅಂದ್ರ ನೀ ನನ್ನ ಗಂಡ ಅಲ್ಲ. ಯಾರದೋ ಮನಿ ದೆವ್ವ. ಪ್ರಿಯಾ, ಕಸಬರಿಗಿ ತಾ!"

ಕಸಬರಿಗೆ ಬರುವ ಮೊದಲೇ ರಾಜಗಾಂಭೀರ್ಯ ಇಳಿದುಹೋಯಿತು. "ಯವ್ವಾ, ನಾನ ಬೇ! ಪಂಪಾಪತಿ!"

"ಗೊತ್ತದ. ನೀ ಹುಟ್ಟಿದಾಗ ಹೊಕ್ಕಳ ಕೊಯ್ದಾಕಿ ನಾನs. ಕೈಕಾಲು ತೊಳಕೊಂಡು ಊಟಕ್ಕ ಕುಂದ್ರು."

ಬಾಗಿಲು ಮುಂದೆ ಮಾಡಿದರು. ಎಲ್ಲರೂ ಹೊರಗೆ ಕೂತರು. ಯಮನಮ್ಮ ಬಾಗಿಲಿಗೆ ಕಿವಿಯಿಟ್ಟಳು. "ಕೇಳ್ರಿ. ಕೆಮ್ಮಿಲ್ಲ. ಆರಾಮ ಅದಾರ."

ಅಯ್ಯಪ್ಪನೂ ಕಿವಿಯಿಟ್ಟ. ಒಳಗೆ ಸದ್ದಿರಲಿಲ್ಲ. ಒಂಬತ್ತು ವರ್ಷಗಳಲ್ಲಿ ಮೊದಲ ಸಲ ಅಪ್ಪ ಹತ್ತಿರದಲ್ಲೇ, ಸುಖವಾಗಿ ಉಸಿರಾಡುತ್ತ ಕೂತಂತೆ ಅನ್ನಿಸಿತು. ಆದರೂ ಕೈಯಲ್ಲಿನ ಕಟ್ಟು ಬಿಸಿಯಾಗಿತ್ತು. ಮೆಲ್ಲಗೆ ಕೇಳಿದ, "ಇದನ್ನ ಹ್ಯಾಂಗ ಮಾಡೂದು? ತಂದದ್ದಂತೂ ಎಡಿಗೇ..."

ಪ್ರಿಯದರ್ಶಿನಿ ಬೆರಳು ಮಡಚತೊಡಗಿದಳು. "ಎಡಿಗೆ ಇಡಲಿಲ್ಲ. ಇಡಲಿಲ್ಲಂದ್ರ ಪ್ರಸಾದ ಆಗಲಿಲ್ಲ. ಪ್ರಸಾದ ಅಲ್ಲಂದ್ರ ಬರೇ ಬೀಡಿ. ಬೀಡಿ ನೀ ಬಿಟ್ಟೀದಿ."

ಅಯ್ಯಪ್ಪ ತಾನೇ ಕೊರೆದಿದ್ದ ಕಿಂಡಿಯನ್ನು ಹುಡುಕಿದ. ಅದು ಇರಲಿಲ್ಲ. ಕಟ್ಟನ್ನು ಮಗಳ ಕೈಗಿಟ್ಟು ಕೇಳಿದ:

"ನಾಳಿ ಗೂಗಲ್‌ಗೆ ಬಸ್ಸು ಎಷ್ಟೊತ್ತಿಗೆ ಅದ?"